ನವಣೆ ಕೋಸಂಬರಿಗೆ ಮನೆಯಲ್ಲೇ ಬೆಳೆದ ಮೈಕ್ರೋಗ್ರೀನ್: ಬಿತ್ತುವುದರಿಂದ ಬಡಿಸುವವರೆಗೆ

ಧಾನ್ಯದ ಸಲಾಡ್ ಕೆಡುವುದು ಬಹುಪಾಲು ನೀರಿನಿಂದಲೇ. ನವಣೆ ಬೇಯುವಾಗ ನೀರಿನ ಹದ ತಪ್ಪಿದರೆ ಮುದ್ದೆ ಕಟ್ಟುತ್ತದೆ. ಸೌತೆಕಾಯಿಗೆ ಉಪ್ಪು ಮೊದಲೇ ಬಿದ್ದರೆ ಬಡಿಸುವ ಹೊತ್ತಿಗೆ ಪಾತ್ರೆಯ ತಳದಲ್ಲಿ ನೀರು ನಿಂತಿರುತ್ತದೆ. ತೊಳೆದ ಸೊಪ್ಪನ್ನು ಆರಲು ಬಿಡದೆ ಹಾಕಿದರೆ ಉಪ್ಪು, ಹುಳಿ ಎರಡೂ ಸಪ್ಪೆಯಾಗುತ್ತವೆ. ಮೈಕ್ರೋಗ್ರೀನ್, ಅಂದರೆ ಎಳೆಯದರಲ್ಲೇ ಕೊಯ್ದು ತಿನ್ನುವ ಸಸಿ, ಬೆಳೆಯುವ ಟ್ರೇಗೆ ಮೇಲಿನಿಂದ ನೀರು ಹೊಯ್ದರೆ ಸಸಿಗಳು ಬುಡ ಕೊಳೆತು ರಾತ್ರೋರಾತ್ರಿ ಮಲಗಿಬಿಡುತ್ತವೆ. ಈ ನಾಲ್ಕು ಕಡೆ ನೀರಿನ ಲೆಕ್ಕ ಸರಿಹೋದರೆ ಉಳಿದದ್ದು ಕಷ್ಟದ ಕೆಲಸವೇನಲ್ಲ.

ನಮ್ಮ ಕೋಸಂಬರಿಗೆ ಈ ತಿಳಿವಳಿಕೆ ಮೊದಲಿಂದಲೂ ಇದೆ. ರಾಮನವಮಿಗೆ ಹೆಸರುಬೇಳೆ ನೆನೆಸಿ ಬಸಿದು, ಸೌತೆಕಾಯಿ ಹೆಚ್ಚಿಟ್ಟು, ಉಪ್ಪನ್ನು ಮಾತ್ರ ಬಡಿಸುವ ಮುಂಚೆ ಹಾಕುವುದು ಅದಕ್ಕೇ. ಉತ್ತರ ಕರ್ನಾಟಕದಲ್ಲಿ ರೊಟ್ಟಿ ಜೊತೆಗೆ ಮಾಡುವ ಹಸಿ ಮೆಂತ್ಯದ ಪಚಡಿಯೂ ಕಲಸಿದ ಕೂಡಲೇ ತಟ್ಟೆಗೆ ಹೋಗಬೇಕು. ಇಲ್ಲಿ ಹೇಳುವ ಸಲಾಡ್ ಈ ಎರಡರ ನಡುವಿನದು: ಉದುರುದುರಾದ ನವಣೆ, ನೆನೆದ ಹೆಸರುಬೇಳೆ, ತರಕಾರಿ, ಒಗ್ಗರಣೆ, ಮೇಲೆ ಎಳೇ ಮೆಂತ್ಯ ಮತ್ತು ಸಾಸಿವೆ ಸಸಿ. ಅಳತೆಯೆಲ್ಲ ನಾಲ್ಕು ಜನರ ಲೆಕ್ಕಕ್ಕೆ ಕೊಟ್ಟಿದೆ.

ಸಸಿ ಕೊಯ್ಲಿಗೆ ಬರಲು 7ರಿಂದ 10 ದಿನ ಬೇಕು. ಭಾನುವಾರದ ಊಟಕ್ಕೆ ಬೇಕೆಂದರೆ ಹಿಂದಿನ ವಾರದ ಶುಕ್ರವಾರ ರಾತ್ರಿ ಬೀಜ ನೆನೆಸಿ, ಶನಿವಾರ ಬೆಳಿಗ್ಗೆ ಬಿತ್ತಬೇಕು.

ಯಾವ ಬೀಜ, ಯಾವುದು ಬೇಡ

ಮೆಂತ್ಯ, ಸಾಸಿವೆ, ಮೂಲಂಗಿ, ಹೆಸರುಕಾಳು ಇವು ಹೊಸಬರಿಗೂ ಕೈಕೊಡದ ಬೀಜಗಳು. ಮೆಂತ್ಯದ ಸಸಿ ಸಣ್ಣ ಕಹಿಯ ಜೊತೆ ರಸಭರಿತವಾಗಿರುತ್ತದೆ. ಸಾಸಿವೆಯದ್ದು ಮೂಗಿಗೆ ಏರುವ ಘಾಟು. ಮೂಲಂಗಿ ಖಾರವಾಗಿ ಕರುಂ ಎನ್ನುತ್ತದೆ. ಹೆಸರುಕಾಳಿನದ್ದು ಸಿಹಿ, ಆದರೆ ಎರಡು ದಿನ ತಡವಾದರೆ ದಂಟು ನಾರಾಗುತ್ತದೆ. ದಂಟಿನ ಸೊಪ್ಪು, ಹರಿವೆಯ ಕೆಂಪು ಬಣ್ಣ ತಟ್ಟೆಯಲ್ಲಿ ಚೆಂದ. ಬೀಜ ತೀರಾ ಸಣ್ಣದಾದ್ದರಿಂದ ಇಳುವರಿ ಕಡಿಮೆ. ಕೊತ್ತಂಬರಿಯನ್ನು ಅಂಗೈಯಲ್ಲಿ ಒತ್ತಿ ಎರಡು ಹೋಳು ಮಾಡಿ ಬಿತ್ತಿದರೂ 15ರಿಂದ 20 ದಿನ ಕಾಯಬೇಕು. ಮೊದಲ ಸಲಕ್ಕೆ ಅದು ಬೇಡ.

ನವಣೆಯ ಜೊತೆಗೆ ಮೆಂತ್ಯ ಎರಡು ಪಾಲು, ಸಾಸಿವೆ ಒಂದು ಪಾಲು ಚೆನ್ನಾಗಿ ಹೊಂದುತ್ತದೆ. ಬರೀ ಸಾಸಿವೆಯಾದರೆ ಘಾಟು ಎಲ್ಲವನ್ನೂ ನುಂಗುತ್ತದೆ, ಬರೀ ಮೆಂತ್ಯವಾದರೆ ಕೊನೆಯ ತುತ್ತಿಗೆ ಕಹಿ ಉಳಿಯುತ್ತದೆ.

ಕಿರಾಣಿ ಅಂಗಡಿಯಲ್ಲಿ ಅಡುಗೆಗೆಂದು ಮಾರುವ ಮೆಂತ್ಯ, ಸಾಸಿವೆ ಹಳೆಯದಲ್ಲದಿದ್ದರೆ ಸಾಮಾನ್ಯವಾಗಿ ಚೆನ್ನಾಗಿಯೇ ಮೊಳೆಯುತ್ತವೆ. ಬೀಜದ ಅಂಗಡಿಯಲ್ಲಿ ಕೊಳ್ಳುವಾಗ ಎಚ್ಚರ ಬೇಕು. ಬಿತ್ತನೆ ಬೀಜಕ್ಕೆ ಥೈರಾಮ್, ಕ್ಯಾಪ್ಟಾನ್‌ನಂಥ ಶಿಲೀಂಧ್ರನಾಶಕ ಸವರಿರುತ್ತಾರೆ. ಗುರುತಿಗೆಂದೇ ಗುಲಾಬಿ, ಹಸಿರು ಅಥವಾ ನೀಲಿ ಬಣ್ಣ ಕಟ್ಟಿರುತ್ತಾರೆ. ಅಂಥ ಬೀಜದ ಸಸಿಯನ್ನು ಹತ್ತೇ ದಿನದಲ್ಲಿ ತಿನ್ನುವುದು ಸರಿಯಲ್ಲ, ಬೀಜ ತೊಳೆದರೂ ಪ್ರಯೋಜನವಿಲ್ಲ. ಮೂಲಂಗಿ ಬೀಜ ಹೀಗೆ ಸಿಗುವುದೇ ಹೆಚ್ಚು. ‘ಔಷಧಿ ಹಾಕದ ಬೀಜ ಕೊಡಿ’ ಎಂದು ಕೇಳಿ, ಪೊಟ್ಟಣದ ಮೇಲಿರುವುದನ್ನು ಓದಿಕೊಂಡೇ ತನ್ನಿ.

ಬಿತ್ತುವ ಮುಂಚೆ 20 ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಮೂರು ದಿನದಲ್ಲಿ 16ಕ್ಕಿಂತ ಹೆಚ್ಚು ಮೊಳೆತರೆ ಬೀಜ ಒಳ್ಳೆಯದು. 14ಕ್ಕಿಂತ ಕಡಿಮೆಯಾದರೆ ಬೇರೆ ಬೀಜ ತನ್ನಿ. ಇನ್ನಷ್ಟು ದಟ್ಟವಾಗಿ ಬಿತ್ತಿ ಸರಿದೂಗಿಸೋಣ ಎಂದುಕೊಳ್ಳಬೇಡಿ; ಮೊಳೆಯದ ಬೀಜ ಟ್ರೇಯಲ್ಲೇ ಕೊಳೆಯುತ್ತದೆ, ಬೂಷ್ಟು ಶುರುವಾಗುವುದು ಅಲ್ಲಿಂದಲೇ.

ಕೆಲವನ್ನು ಎಂದೂ ಬೆಳೆದು ತಿನ್ನಬಾರದು. ಜೋಳ ಇವುಗಳಲ್ಲಿ ಮುಖ್ಯವಾದದ್ದು. ಜೋಳದ ಎಳೇ ಸಸಿಯಲ್ಲಿ ಧುರಿನ್ ಎಂಬ ಅಂಶವಿದ್ದು, ಅದು ಒಡೆದಾಗ ಸಯನೈಡ್ ವಿಷ ಹುಟ್ಟುತ್ತದೆ. ಎಳೇ ಜೋಳ ಮೇಯ್ದ ದನ ಸಾಯುವುದು ಈ ಕಾರಣಕ್ಕೇ; ರೈತರಿಗೆ ಇದು ಚೆನ್ನಾಗಿ ಗೊತ್ತು. ಕಾಳು ಬಲಿತ ಮೇಲೆ ಆ ಭಯವಿಲ್ಲ. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಒಂದೇ ಕುಟುಂಬದವು, ಅವುಗಳ ಎಲೆ ಮತ್ತು ಸಸಿಯಲ್ಲಿ ವಿಷಕಾರಿ ಅಂಶಗಳಿವೆ. ರಾಜ್ಮಾ ಹಸಿಯಾಗಿ ತಿನ್ನಲು ಒಳ್ಳೆಯದಲ್ಲ, ಮೊಳಕೆ ಬಂದಿದ್ದರೂ ಅಷ್ಟೇ.

ಟ್ರೇ, ನಾರು, ನೀರು

20 × 30 ಸೆಂ.ಮೀ. ಅಗಲದ, 4–5 ಸೆಂ.ಮೀ. ಆಳದ ಟ್ರೇ ಸಾಕು. ಸ್ವೀಟ್ ಅಂಗಡಿಯ ಪ್ಲಾಸ್ಟಿಕ್ ಡಬ್ಬಿಯೂ ಆಗುತ್ತದೆ. ತಳಕ್ಕೆ ಕಾದ ಮೊಳೆಯಿಂದ 12–15 ತೂತು ಮಾಡಿ, ಕೆಳಗೆ ತೂತಿಲ್ಲದ ಇನ್ನೊಂದು ಟ್ರೇ ಇಡಿ.

ಮಣ್ಣಿಗಿಂತ ತೆಂಗಿನ ನಾರಿನ ಪುಡಿ, ಅಂದರೆ ಕೊಕೊಪೀಟ್, ಒಳ್ಳೆಯದು. ಇಟ್ಟಿಗೆಯಾಗಿ ಸಿಗುವ ಕೊಕೊಪೀಟ್‌ನಲ್ಲಿ ಉಪ್ಪಿನಂಶ ಇರಬಹುದು, ಹಾಗಾಗಿ ನೀರಲ್ಲಿ ನೆನೆಸಿ ಹಿಂಡಿ, ಮತ್ತೊಮ್ಮೆ ನೀರು ಹಾಕಿ ಹಿಂಡಿ. ಈ ಟ್ರೇಗೆ 2.5 ಸೆಂ.ಮೀ. ದಪ್ಪಕ್ಕೆ ಸುಮಾರು 1.5 ಲೀಟರ್ ಪುಡಿ ಬೇಕು. ಹದ ನೋಡಲು ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ: ಒಂದೆರಡು ಹನಿ ಮಾತ್ರ ಜಿನುಗಬೇಕು. ಧಾರೆಯಾಗಿ ಇಳಿದರೆ ಹೆಚ್ಚಾಯಿತು, ಏನೂ ಬಾರದೆ ಮುಷ್ಟಿ ತೆರೆದಾಗ ಉದುರಿದರೆ ಕಡಿಮೆಯಾಯಿತು. ಗೊಬ್ಬರ ಬೇಡ. ಹತ್ತು ದಿನಕ್ಕೆ ಬೇಕಾದ ಆಹಾರ ಬೀಜದಲ್ಲೇ ಇರುತ್ತದೆ; ಹಸಿಯಾಗಿ ತಿನ್ನುವ ಬೆಳೆಗೆ ಸಗಣಿ ಗೊಬ್ಬರ ಹಾಕುವುದು ಶುಚಿಯ ದೃಷ್ಟಿಯಿಂದಲೂ ತಪ್ಪು.

ಟ್ರೇಯ ಮೂರರಲ್ಲಿ ಎರಡು ಭಾಗಕ್ಕೆ ಮೆಂತ್ಯ 15 ಗ್ರಾಂ (ಸುಮಾರು 4 ಟೀ ಚಮಚ), ಉಳಿದ ಭಾಗಕ್ಕೆ ಸಾಸಿವೆ 2 ಗ್ರಾಂ (ಅರ್ಧ ಟೀ ಚಮಚ). ಮೆಂತ್ಯವನ್ನು 8–10 ಗಂಟೆ ನೆನೆಸಿ, ಲೋಳೆ ಹೋಗುವಂತೆ ಎರಡು ಸಲ ತೊಳೆದು ಬಸಿಯಿರಿ. ಸಾಸಿವೆ ನೆನೆಸಬೇಡಿ. ನೀರು ತಾಗಿದರೆ ಅದರ ಮೇಲೆ ಲೋಳೆಯ ಪದರ ಕಟ್ಟುತ್ತದೆ, ಬೀಜಗಳು ಅಂಟಿಕೊಂಡು ಸಮವಾಗಿ ಉದುರುವುದಿಲ್ಲ. ಒಣ ಬೀಜವನ್ನು ಎರಡು ಬೆರಳಲ್ಲಿ ಹಿಡಿದು ರಂಗೋಲಿ ಎಳೆಯುವಂತೆ ಉದುರಿಸಿ. ಬೀಜದ ಮೇಲೆ ಬೀಜ ಏರಬಾರದು. ಮೇಲೆ ಕೊಕೊಪೀಟ್ ಮುಚ್ಚುವುದೂ ಬೇಡ, ಮುಚ್ಚಿದರೆ ಕೊಯ್ಲಿನಲ್ಲಿ ನಾರೆಲ್ಲ ಎಲೆಗೆ ಹತ್ತುತ್ತದೆ. ಅಂಗೈಯಿಂದ ಮೆಲ್ಲಗೆ ಒತ್ತಿ, ಸ್ಪ್ರೇ ಬಾಟಲಿಯಿಂದ ಮಂಜಿನ ಹಾಗೆ ನೀರು ಚಿಮುಕಿಸಿ.

ಇದರ ಮೇಲೆ ಚಪ್ಪಟೆ ಟ್ರೇ ಇಟ್ಟು, ಒಂದರಿಂದ ಒಂದೂವರೆ ಕಿಲೋ ಭಾರ ಹೇರಿ, ಎರಡು ದಿನ ಕತ್ತಲಲ್ಲಿಡಿ. ಭಾರದಿಂದ ಬೇರು ಕೆಳಗೆ ಇಳಿಯುತ್ತದೆ, ಸಸಿ ಸಮನಾಗಿ ಏಳುತ್ತದೆ, ಬೀಜದ ಸಿಪ್ಪೆ ಕಳಚುತ್ತದೆ. ಭಾರವಿಲ್ಲದಿದ್ದರೆ ಮೆಂತ್ಯದ ಬೇರು ಮೇಲೆದ್ದು, ಸಸಿ ಓರೆಯಾಗಿ ನಿಲ್ಲುತ್ತದೆ. ಮೂರನೇ ದಿನ ಭಾರ ತೆಗೆದು, ಮೇಲಿಟ್ಟಿದ್ದ ಟ್ರೇಯನ್ನು ಸಸಿಗಳ ಮೇಲೆ ಬೋರಲು ಹಾಕಿ ಇನ್ನೊಂದು ದಿನ ಮುಚ್ಚಿ. ನಾಲ್ಕನೇ ದಿನ ಬೆಳಕಿಗೆ ತನ್ನಿ. ಆಗ ಎಲೆ ಹಳದಿಯಾಗಿರುತ್ತದೆ, ಗಾಬರಿ ಬೇಡ. ಒಂದೇ ದಿನದ ಬೆಳಕಿಗೆ ಹಸಿರೇರುತ್ತದೆ. ಬೆಳಗಿನ ಎಳೆಬಿಸಿಲು 3–4 ಗಂಟೆ ಬೀಳುವ ಕಿಟಕಿ ಸಾಕು. ಸಸಿ ಉದ್ದಕ್ಕೆ ಬೆಳೆದು ಕಿಟಕಿಯತ್ತ ವಾಲಿದರೆ ಬೆಳಕು ಸಾಲದು ಎಂದರ್ಥ.

ಬೆಳಕಿಗೆ ತಂದ ಮೇಲೆ ನೀರು ಕೆಳಗಿನ ಟ್ರೇಗೆ ಮಾತ್ರ. ಬೆಳಿಗ್ಗೆ 100–150 ಮಿ.ಲೀ. ಹಾಕಿ, 20 ನಿಮಿಷದ ನಂತರ ಉಳಿದದ್ದನ್ನು ಚೆಲ್ಲಿ. ದಿನಾ ಇಷ್ಟೇ ಬೇಕೆಂದೇನಿಲ್ಲ. ಟ್ರೇ ಎತ್ತಿ ನೋಡಿ: ಹಗುರವಾಗಿದ್ದರೆ ನೀರು ಕೊಡಿ, ಭಾರವಾಗಿದ್ದರೆ ಆ ದಿನ ಬಿಟ್ಟುಬಿಡಿ.

ಮೂರನೇ ದಿನ ಬೇರಿನ ಸುತ್ತ ಬಿಳೀ ನವಿರೆಳೆ ಕಂಡು ಬೂಷ್ಟು ಬಂತೆಂದು ಟ್ರೇಯನ್ನೇ ಎಸೆಯುವವರಿದ್ದಾರೆ. ಎಸೆಯುವ ಮುಂಚೆ ನೀರು ಚಿಮುಕಿಸಿ ನೋಡಿ. ಬೇರಿನ ರೋಮವಾದರೆ ನೀರು ತಾಗಿದ ಕೂಡಲೇ ಅಂಟಿಕೊಂಡು ಮಾಯವಾಗುತ್ತದೆ. ಅದು ಪ್ರತಿ ಬೇರಿನ ಸುತ್ತಲೂ ಒಂದೇ ಸಮ ಇರುತ್ತದೆ, ವಾಸನೆ ಇರುವುದಿಲ್ಲ. ಬೂಷ್ಟು ಜೇಡರ ಬಲೆಯ ಹಾಗೆ ಒಂದು ಸಸಿಯಿಂದ ಇನ್ನೊಂದಕ್ಕೆ, ನಾರಿನ ಮೇಲೂ ಹರಡುತ್ತದೆ. ಚಿಮುಕಿಸಿದರೂ ಹೋಗುವುದಿಲ್ಲ, ಮುಗ್ಗಲು ನಾತ ಬರುತ್ತದೆ. ಹಾಗಾದರೆ ಆ ಟ್ರೇ ಪೂರ್ತಿ ಗೊಬ್ಬರದ ಗುಂಡಿಗೆ ಹೋಗಲಿ. ಹಸಿಯಾಗಿ ತಿನ್ನುವ ಸೊಪ್ಪಿನಲ್ಲಿ ಕೆಟ್ಟ ಭಾಗವನ್ನಷ್ಟೇ ತೆಗೆದು ಉಳಿದದ್ದನ್ನು ಬಳಸುವ ಉಳಿತಾಯ ಬೇಡ.

ಬೆಂಗಳೂರು, ಮೈಸೂರಿನ ಹವೆಗೆ ವರ್ಷಪೂರ್ತಿ ಇದೇ ಲೆಕ್ಕ ನಡೆಯುತ್ತದೆ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಗಾಳಿಯೇ ಒದ್ದೆ. ಅಲ್ಲಿ ಬೀಜವನ್ನು ಕಾಲು ಭಾಗ ಕಡಿಮೆ ಮಾಡಿ, ದಿನಕ್ಕೆರಡು ಗಂಟೆ ಫ್ಯಾನ್ ಗಾಳಿ ಕೊಡಿ. ಕಲಬುರಗಿ, ರಾಯಚೂರಿನಲ್ಲಿ ಏಪ್ರಿಲ್–ಮೇ ತಿಂಗಳ ಸೆಕೆ 40 ಡಿಗ್ರಿ ದಾಟುತ್ತದೆ. ನೆನೆಸಿದ ನೀರೇ ಹುಳಿ ಬರುತ್ತದೆ. ನೆನೆಸುವ ಸಮಯವನ್ನು 6 ಗಂಟೆಗೆ ಇಳಿಸಿ, ನಡುವೆ ನೀರು ಬದಲಿಸಿ, ಟ್ರೇಯನ್ನು ಮನೆಯ ತಂಪು ಮೂಲೆಯಲ್ಲಿಡಿ.

ಸಸಿ 5–7 ಸೆಂ.ಮೀ. ಎತ್ತರವಾಗಿ, ಎರಡೂ ಬೀಜದೆಲೆ ಪೂರ್ತಿ ಬಿಚ್ಚಿಕೊಂಡಾಗ ಕೊಯ್ಲು. ಮೆಂತ್ಯದಲ್ಲಿ ನಡುವಿನಿಂದ ದುಂಡನೆಯ ಮೊದಲ ಎಲೆ ಇಣುಕುವ ಹೊತ್ತು ಸರಿಯಾದ ಸಮಯ. ಅದು ಅಗಲವಾಗಲು ಬಿಟ್ಟರೆ ಕಹಿ ಏರುತ್ತದೆ. ಹಿಂದಿನ ಸಂಜೆಯಿಂದ ನೀರು ನಿಲ್ಲಿಸಿ. ಬೆಳಿಗ್ಗೆ ಅಂಗೈಯನ್ನು ಸಸಿಗಳ ಮೇಲೆ ಹಗುರಾಗಿ ಆಡಿಸಿದರೆ ಅಂಟಿಕೊಂಡ ಸಿಪ್ಪೆ ಉದುರುತ್ತದೆ. ಆಮೇಲೆ ಶುಚಿಯಾದ ಕತ್ತರಿಯಿಂದ, ಕೊಕೊಪೀಟ್‌ನಿಂದ ಒಂದು ಸೆಂ.ಮೀ. ಮೇಲೆ ಕತ್ತರಿಸಿ. ಬೇರುಸಹಿತ ಕೀಳಬೇಡಿ. ಸಲಾಡ್‌ಗೆ 60 ಗ್ರಾಂ ಸಾಕು, ಈ ಟ್ರೇಯಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚೇ ಸಿಗುತ್ತದೆ. ಮಿಕ್ಕದ್ದನ್ನು ತೊಳೆಯದೆ, ಒಣ ಬಟ್ಟೆ ಹಾಸಿದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ನಾಲ್ಕೈದು ದಿನ ಬಾಳುತ್ತದೆ. ತೊಳೆದಿಟ್ಟದ್ದು ಎರಡನೇ ದಿನಕ್ಕೇ ಲೋಳೆಯಾಗುತ್ತದೆ.

ನವಣೆ ಉದುರುದುರಾಗಲು

ಪಾಲಿಶ್ ಮಾಡದ ನವಣೆ ಕೊಳ್ಳಿ. ತವುಡಿನ ಪದರ ಇರುವುದರಿಂದ ಬಣ್ಣ ಮಾಸಲು ಹಳದಿಯಾಗಿರುತ್ತದೆ, ಬೆಂದಾಗ ಕಾಳು ಕಾಳಾಗಿ ನಿಲ್ಲುತ್ತದೆ. ಪಾಲಿಶ್ ಆದದ್ದು ಹೊಳೆಯುತ್ತದೆ, ಬೇಗ ಬೇಯುತ್ತದೆ, ಅಷ್ಟೇ ಬೇಗ ಅಂಟುತ್ತದೆ. ತವುಡಿನಲ್ಲಿ ಎಣ್ಣೆಯಂಶ ಇರುವ ಕಾರಣ ಪಾಲಿಶ್ ಮಾಡದ ನವಣೆ ಬಹುಕಾಲ ಇಟ್ಟರೆ ಕಮಟು ವಾಸನೆ ಬರುತ್ತದೆ. ಅರ್ಧ ಕಿಲೋ, ಒಂದು ಕಿಲೋ ಮಾತ್ರ ತಂದು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಎರಡು ತಿಂಗಳೊಳಗೆ ಮುಗಿಸಿ. ಕಮಟು ಬಂದದ್ದನ್ನು ಯಾವ ಒಗ್ಗರಣೆಯೂ ಮರೆಮಾಚುವುದಿಲ್ಲ.

150 ಗ್ರಾಂ ನವಣೆ ತೆಗೆದುಕೊಳ್ಳಿ. ಸಿರಿಧಾನ್ಯದಲ್ಲಿ ಸಣ್ಣ ಕಲ್ಲು, ಮರಳು ಇದ್ದೇ ಇರುತ್ತದೆಂದು ತಿಳಿದು ಜಾಲಿಸಿ: ಅಗಲ ಪಾತ್ರೆಯಲ್ಲಿ ನೀರು ತುಂಬಿ, ಪಾತ್ರೆಯನ್ನು ಓಲಾಡಿಸುತ್ತ ತೇಲಿಬರುವ ಕಾಳನ್ನು ಇನ್ನೊಂದು ಪಾತ್ರೆಗೆ ಬಗ್ಗಿಸುತ್ತ ಹೋದರೆ ಕಲ್ಲು ತಳದಲ್ಲಿ ಉಳಿಯುತ್ತದೆ. ನಂತರ ಒಂದು ಗಂಟೆ ನೆನೆಸಿ. ನೆನೆಸದಿದ್ದರೆ ಹೊರಗೆ ಬೆಂದು ಒಳಗೆ ಗಟ್ಟಿ ಉಳಿಯುತ್ತದೆ. ಒಳಗೂ ಬೇಯಲೆಂದು ಇನ್ನಷ್ಟು ಬೇಯಿಸಿದರೆ ಹೊರಪದರ ಒಡೆದು ಗಂಜಿಯಾಗುತ್ತದೆ.

ಸಲಾಡ್‌ಗೆ ಬಸಿಯುವ ವಿಧಾನವೇ ಭದ್ರ. ಒಂದೂವರೆ ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು ಹಾಕಿ ಕುದಿಸಿ, ಬಸಿದ ನವಣೆ ಸುರಿದು, ಮುಚ್ಚಳವಿಲ್ಲದೆ ಮಧ್ಯಮ ಉರಿಯಲ್ಲಿ ಬೇಯಿಸಿ. ಆರನೇ ನಿಮಿಷದಿಂದ ಅರ್ಧರ್ಧ ನಿಮಿಷಕ್ಕೊಮ್ಮೆ ನಾಲ್ಕು ಕಾಳು ತೆಗೆದು ಬೆರಳಲ್ಲಿ ಅದುಮಿ ನೋಡಿ. ನಡುವೆ ಬಿಳೀ ಚುಕ್ಕೆ ಕಂಡರೆ ಇನ್ನೂ ಆಗಿಲ್ಲ. ಚುಕ್ಕೆ ಮಾಯವಾಗಿ, ಕಾಳು ಒಡೆಯದೆ ಮೆತ್ತಗಾದ ಕೂಡಲೇ ಇಳಿಸಿ. ಸಾಮಾನ್ಯವಾಗಿ 7ರಿಂದ 9 ನಿಮಿಷ ಹಿಡಿಯುತ್ತದೆ. ಅನ್ನ ಬಸಿಯುವ ಜಾಲರಿಯ ಕಣ್ಣಿಂದ ನವಣೆ ಜಾರಿಹೋಗುತ್ತದೆ, ಟೀ ಸೋಸುವಷ್ಟು ಸಣ್ಣ ಕಣ್ಣಿನ ಜರಡಿ ಅಥವಾ ತೆಳು ಬಟ್ಟೆ ಬೇಕು. ಐದು ನಿಮಿಷ ಸೋರಲು ಬಿಟ್ಟು, ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಒಂದು ಟೀ ಚಮಚ ಎಣ್ಣೆ ಹಾಕಿ ಫೋರ್ಕ್‌ನಿಂದ ಬಿಡಿಸಿ. ಸೌಟು ಬೇಡ, ಅದು ಕಾಳನ್ನು ಜಜ್ಜುತ್ತದೆ. ಫ್ಯಾನ್ ಕೆಳಗೆ 20 ನಿಮಿಷ ಆರಲಿ. ತಣ್ಣೀರು ಹಾಕಿ ಆರಿಸಲು ಹೋಗಬೇಡಿ, ಬಸಿದ ನೀರನ್ನು ಮತ್ತೆ ಸೇರಿಸಿದ ಹಾಗಾಗುತ್ತದೆ. ಬಸಿದ ಗಂಜಿಯನ್ನು ಚೆಲ್ಲದೆ ಮಜ್ಜಿಗೆಗೋ ಸಾರಿಗೋ ಹಾಕಿ.

ಬಸಿಯಲು ಮನಸ್ಸಿಲ್ಲದವರು ನೆನೆಸಿ ಬಸಿದ ನವಣೆಯನ್ನು ಒಂದು ಟೀ ಚಮಚ ಎಣ್ಣೆಯಲ್ಲಿ ಘಮ ಬರುವ ತನಕ 3–4 ನಿಮಿಷ ಹುರಿದು, ನೆನೆಸುವ ಮುಂಚಿನ ಒಂದು ಲೋಟ ನವಣೆಗೆ ಒಂದೂಮುಕ್ಕಾಲು ಲೋಟ ಕುದಿಯುವ ನೀರು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ 10 ನಿಮಿಷ ಬೇಯಿಸಿ, ಒಲೆ ಆರಿಸಿ ಇನ್ನು 10 ನಿಮಿಷ ಮುಚ್ಚಳ ತೆಗೆಯದೆ ಬಿಡಬಹುದು. ಕುಕ್ಕರ್ ಪೊಂಗಲ್‌ಗೆ ಸರಿ, ಇದಕ್ಕಲ್ಲ.

ಬೆಂದ ಧಾನ್ಯವನ್ನು ಗಂಟೆಗಟ್ಟಲೆ ಹೊರಗಿಡಬಾರದು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿಸಿದರೂ ಉಳಿದು, ಬೆಚ್ಚಗಿನ ಅನ್ನದಲ್ಲಿ ಬೆಳೆದು ವಿಷ ಉಂಟುಮಾಡುತ್ತವೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಪೂರ್ತಿ ಹೋಗುವುದಿಲ್ಲ. ಆರಿದ ಕೂಡಲೇ ಬಳಸಿ ಅಥವಾ ಫ್ರಿಜ್ಜಿಗೆ ಸೇರಿಸಿ, ಮಾರನೇ ದಿನ ಮುಗಿಸಿ. ಫ್ರಿಜ್ಜಿನಲ್ಲಿ ನವಣೆ ಗಟ್ಟಿಯಾಗುತ್ತದೆ. ಒಂದು ಚಮಚ ನೀರು ಚಿಮುಕಿಸಿ ಮೂರು ನಿಮಿಷ ಹಬೆಯಲ್ಲಿಟ್ಟು, ಮತ್ತೆ ಆರಿಸಿಕೊಂಡರೆ ಮೆತ್ತಗಾಗುತ್ತದೆ.

ಕಲಸುವ ಕ್ರಮ

ಹೆಸರುಬೇಳೆ 40 ಗ್ರಾಂ, 45 ನಿಮಿಷ ನೆನೆಸಿ. ಎರಡು ಗಂಟೆ ದಾಟಿದರೆ ಕಡಿಯುವಾಗಿನ ಗರಿ ಹೋಗುತ್ತದೆ. ಜರಡಿಯಲ್ಲಿ 15 ನಿಮಿಷ ಬಸಿಯಲು ಬಿಡಿ. ಎಳೇ ಸೌತೆಕಾಯಿ 150 ಗ್ರಾಂ: ತುದಿ ತಿಂದು ಕಹಿ ನೋಡಿ, ಉದ್ದಕ್ಕೆ ಸೀಳಿ, ಚಮಚದಿಂದ ಬೀಜದ ತಿರುಳು ತೆಗೆದು ಸಣ್ಣಗೆ ಹೆಚ್ಚಿ. ತಿರುಳಿನಲ್ಲೇ ನೀರು ಹೆಚ್ಚು. ಒಂದು ಕ್ಯಾರೆಟ್ ತುರಿ, ಅರ್ಧ ಬಟ್ಟಲು ದಾಳಿಂಬೆ ಕಾಳು, ಮೂರು ಚಮಚ ಹಸಿ ತೆಂಗಿನ ತುರಿ, ಎರಡು ಹಸಿಮೆಣಸಿನಕಾಯಿ, ಒಂದು ಟೀ ಚಮಚ ಶುಂಠಿ ತುರಿ, ಹುರಿದು ಸಿಪ್ಪೆ ತೆಗೆದು ತರಿಯಾಗಿ ಕುಟ್ಟಿದ ಶೇಂಗಾ 40 ಗ್ರಾಂ, ದೊಡ್ಡದೊಂದು ನಿಂಬೆಹಣ್ಣು. ಮಾವಿನಕಾಯಿ ಕಾಲದಲ್ಲಿ ಎರಡು ಚಮಚ ತುರಿ ಹಾಕಿ ನಿಂಬೆರಸವನ್ನು ಅರ್ಧಕ್ಕಿಳಿಸಿದರೆ ರುಚಿ ಇನ್ನೂ ಮೇಲು.

ಮೊದಲು ಆರಿದ ನವಣೆಗೆ ಹೆಸರುಬೇಳೆ, ಶುಂಠಿ, ಹಸಿಮೆಣಸು, ನಿಂಬೆರಸ ಹಾಕಿ ಹತ್ತು ನಿಮಿಷ ಬಿಡಿ. ಸಪ್ಪೆ ಧಾನ್ಯಕ್ಕೆ ಹುಳಿ ಹಿಡಿಯಲು ಸಮಯ ಬೇಕು. ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಹುಳಿಯೆಲ್ಲ ತರಕಾರಿಗೆ ಅಂಟಿ ನವಣೆ ಸಪ್ಪೆಯೇ ಉಳಿಯುತ್ತದೆ. ಅಷ್ಟರಲ್ಲಿ ಒಂದು ಚಮಚ ಶೇಂಗಾ ಎಣ್ಣೆ ಅಥವಾ ಕೊಬ್ಬರಿ ಎಣ್ಣೆಯಲ್ಲಿ ಅರ್ಧ ಟೀ ಚಮಚ ಸಾಸಿವೆ ಸಿಡಿಸಿ, ಇಂಗು, ಕರಿಬೇವು, ಮುರಿದ ಒಂದು ಬ್ಯಾಡಗಿ ಮೆಣಸಿನಕಾಯಿ ಹಾಕಿ ಒಗ್ಗರಣೆ ಮಾಡಿ. ಉಗುರುಬೆಚ್ಚಗಾದ ಮೇಲೆ ನವಣೆಗೆ ಸೇರಿಸಿ.

ಮೈಕ್ರೋಗ್ರೀನ್ ಅನ್ನು ಈ ಹೊತ್ತಿಗೆ ತಣ್ಣೀರಿನಲ್ಲಿ ಎರಡು ಸಲ ಅದ್ದಿ ತೆಗೆದು, ಹತ್ತಿಬಟ್ಟೆಯ ಮೇಲೆ ಹರಡಿ, ಮೇಲೊಂದು ಬಟ್ಟೆಯಿಂದ ಒತ್ತಿ ಒರೆಸಿ.

ಬಡಿಸಲು ಐದು ನಿಮಿಷವಿದ್ದಾಗ ಸೌತೆಕಾಯಿ, ಕ್ಯಾರೆಟ್, ದಾಳಿಂಬೆ, ತೆಂಗಿನ ತುರಿ ಸೇರಿಸಿ. ಅರ್ಧ ಟೀ ಚಮಚ ಉಪ್ಪು ಹಾಕಿ, ರುಚಿ ನೋಡಿ ಬೇಕಿದ್ದರೆ ಮಾತ್ರ ಇನ್ನಷ್ಟು ಹಾಕಿ. ಬೇಯುವಾಗ ನವಣೆ ಸ್ವಲ್ಪ ಉಪ್ಪು ಹೀರಿರುತ್ತದೆ. ಕೊನೆಗೆ ಶೇಂಗಾ, ಅರ್ಧ ಮೈಕ್ರೋಗ್ರೀನ್ ಹಾಕಿ ಕೈಯಿಂದ ಕೆಳಗಿನಿಂದ ಮೇಲಕ್ಕೆ ಎರಡೇ ಸಲ ತಿರುವಿ. ಉಳಿದರ್ಧವನ್ನು ತಟ್ಟೆಯ ಮೇಲೆ ಹರಡಿ. ಎಳೇ ಎಲೆಯ ಪದರ ತೀರಾ ತೆಳು. ಉಪ್ಪು ಒಳಗಿನ ನೀರನ್ನು ಹೊರಗೆಳೆದರೆ ಹತ್ತು-ಹದಿನೈದು ನಿಮಿಷಕ್ಕೇ ಬಾಡಿ ಎಲೆಗಳು ಒಂದಕ್ಕೊಂದು ಅಂಟುತ್ತವೆ.

ನವಣೆಯಾಗಲಿ ಒಗ್ಗರಣೆಯಾಗಲಿ ಬಿಸಿ ಇರಬಾರದು ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಸಾಸಿವೆ, ಮೂಲಂಗಿಯ ಘಾಟು ಎಲೆಯಲ್ಲಿ ಸಿದ್ಧವಾಗಿ ಕೂತಿರುವುದಿಲ್ಲ. ಅಗಿಯುವಾಗ ಜೀವಕೋಶ ಒಡೆದು ಮೈರೋಸಿನೇಸ್ ಎಂಬ ಕಿಣ್ವ ಎಲೆಯಲ್ಲೇ ಇರುವ ಗ್ಲುಕೋಸಿನೊಲೇಟ್ ಎಂಬ ಅಂಶಗಳ ಜೊತೆ ಸೇರಿದಾಗ ಅದು ಹುಟ್ಟುತ್ತದೆ. ಬಿಸಿ ತಾಗಿದರೆ ಕಿಣ್ವ ಕೆಟ್ಟು ಹುಲ್ಲಿನ ರುಚಿ ಉಳಿಯುತ್ತದೆ. ವಿಟಮಿನ್ ಸಿ ಕೂಡ ಬಿಸಿಗೆ ನಿಲ್ಲುವಂಥದ್ದಲ್ಲ.

ಇಷ್ಟಾದ ಮೇಲೂ ನೀರೊಡೆದರೆ ಒಂದು ಚಮಚ ಹುರಿಗಡಲೆ ಪುಡಿ ಉದುರಿಸಿ, ನೀರನ್ನು ಹೀರಿಕೊಳ್ಳುತ್ತದೆ, ರುಚಿಗೂ ಕುಂದಿಲ್ಲ. ಹುಳಿ ಹೆಚ್ಚಾದರೆ ಸಕ್ಕರೆಗಿಂತ ತೆಂಗಿನ ತುರಿ ಒಳ್ಳೆಯ ಮದ್ದು. ನವಣೆ ಮುದ್ದೆಯಾಗಿದ್ದರೆ ಸಲಾಡ್ ಮಾಡುವ ಯೋಚನೆ ಬಿಟ್ಟು ಮೊಸರು ಕಲಸಿ ಬಿಸಿ ಒಗ್ಗರಣೆ ಕೊಡಿ, ಒಳ್ಳೆಯ ಮೊಸರನ್ನವಾಗುತ್ತದೆ.

ಆಫೀಸಿನ ಡಬ್ಬಿಗಾದರೆ ತಳದಲ್ಲಿ ಹುಳಿ ಹಿಡಿದ ನವಣೆ, ಮೇಲೆ ಕ್ಯಾರೆಟ್, ದಾಳಿಂಬೆ ಹಾಕಿ. ಸೌತೆಕಾಯಿ, ಮೈಕ್ರೋಗ್ರೀನ್, ಶೇಂಗಾ ಬೇರೆ ಡಬ್ಬಿಯಲ್ಲಿರಲಿ. ಉಪ್ಪು ಪೊಟ್ಟಣದಲ್ಲಿ. ಹಸಿ ತೆಂಗಿನ ತುರಿ ಮಧ್ಯಾಹ್ನದೊಳಗೆ ಹಳಸುವ ಭಯವಿರುವುದರಿಂದ ಬಿಡುವುದೇ ಮೇಲು.

ಆರೋಗ್ಯದ ಲೆಕ್ಕ

ಭಾರತದ ಪ್ರಸ್ತಾಪದಂತೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ನವಣೆಯ ಬಗ್ಗೆ ಬೇಕಾದ್ದು ಬೇಡಾದ್ದು ಎರಡೂ ಕೇಳಿಬರುತ್ತಿವೆ. ನಮ್ಮ ಹಳೆಯ ಆಹಾರ ಕೋಷ್ಟಕಗಳ ಪ್ರಕಾರ 100 ಗ್ರಾಂ ಹಸಿ ನವಣೆಯಲ್ಲಿ ಸುಮಾರು 12 ಗ್ರಾಂ ಪ್ರೋಟೀನ್, 61 ಗ್ರಾಂ ಪಿಷ್ಟ, 2.8 ಮಿ.ಗ್ರಾಂ ಕಬ್ಬಿಣ ಇದೆ. ಈ ಅಳತೆಯಲ್ಲಿ ಒಬ್ಬರ ಪಾಲಿಗೆ ನವಣೆಯಿಂದ ಬರುವ ಪಿಷ್ಟ 23 ಗ್ರಾಂ. ಬೇಳೆ, ಶೇಂಗಾ ಸೇರಿ ಪ್ರೋಟೀನ್ 9 ಗ್ರಾಂ ಹತ್ತಿರ. ಸಕ್ಕರೆ ಕಾಯಿಲೆಯವರಿಗೆ ಇದು ಬಿಳಿ ಅನ್ನಕ್ಕಿಂತ ಒಳ್ಳೆಯ ಆಯ್ಕೆ. ಆದರೆ ಎಷ್ಟು ತಿಂದರೂ ನಡೆಯುತ್ತದೆ ಎಂದಲ್ಲ, ಅಳತೆ ಬೇಕೇ ಬೇಕು. ಧಾನ್ಯದಲ್ಲಿರುವ ಕಬ್ಬಿಣ ಮೈಗೆ ಹತ್ತಲು ಅದರಲ್ಲೇ ಇರುವ ಫೈಟೇಟ್ ಎಂಬ ಅಂಶ ಅಡ್ಡ ಬರುತ್ತದೆ. ನೆನೆಸಿದ ನೀರು ಚೆಲ್ಲುವುದರಿಂದ ಅದು ತುಸು ತಗ್ಗುತ್ತದೆ, ನಿಂಬೆಯ ವಿಟಮಿನ್ ಸಿ ಕಬ್ಬಿಣ ಹೀರಲು ನೆರವಾಗುತ್ತದೆ.

ಮೈಕ್ರೋಗ್ರೀನ್ ಬಗ್ಗೆ 2012ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಮತ್ತು ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು 25 ಬಗೆಯ ಸಸಿಗಳನ್ನು ಪರೀಕ್ಷಿಸಿದ್ದರು. ಬಲಿತ ಎಲೆಗಿಂತ ಇವುಗಳಲ್ಲಿ ವಿಟಮಿನ್‌ಗಳ ಸಾಂದ್ರತೆ ಒಟ್ಟಾರೆ ಹೆಚ್ಚು, ಬಗೆಯಿಂದ ಬಗೆಗೆ ವ್ಯತ್ಯಾಸವೂ ಬಹಳ ಎಂದು ಕಂಡುಬಂತು. ಅದು ಗ್ರಾಂ ಲೆಕ್ಕದ ಮಾತು. ಒಬ್ಬರ ತಟ್ಟೆಗೆ ಬೀಳುವುದು 15 ಗ್ರಾಂ. ದಿನದ ಸೊಪ್ಪಿನ ಹುಳಿ, ಪಲ್ಯದ ಜಾಗವನ್ನು ಇದು ತುಂಬುವುದಿಲ್ಲ, ಜೊತೆಗಿರಲಿ.

ಗರ್ಭಿಣಿಯರು, ತೀರಾ ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಂದಿದವರು ಹಸಿ ಸಸಿ, ಹಸಿ ಬೇಳೆ ಬಿಟ್ಟು ಬೇಯಿಸಿದ ತರಕಾರಿ ಹಾಕಿಕೊಳ್ಳುವುದು ಕ್ಷೇಮ. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪನ್ನು ಏಕಾಏಕಿ ಹೆಚ್ಚಿಸುವ ಮುಂಚೆ ವೈದ್ಯರನ್ನು ಕೇಳಬೇಕು. ಹಸಿರೆಲೆಯ ವಿಟಮಿನ್ ಕೆ ಆ ಔಷಧಿಯ ವಿರುದ್ಧ ಕೆಲಸ ಮಾಡುತ್ತದೆ.

ನವಣೆಯ ಬದಲು

ಸಾಮೆ ಇದೇ ಕ್ರಮದಲ್ಲಿ ಒಂದೆರಡು ನಿಮಿಷ ಬೇಗ ಬೇಯುತ್ತದೆ. ಊದಲು ಬಲು ಬೇಗ ಅಂಟುತ್ತದೆ, ಹೊಸಬರು ಮೊದಲು ಅದರಲ್ಲಿ ಕೈಯಾಡಿಸಬಾರದು. ಹಾರಕ, ಕೊರಲೆ ಎರಡು ಗಂಟೆಗಿಂತ ಹೆಚ್ಚು ನೆನೆಯಬೇಕು.

ಇಡೀ ಜೋಳ ಬಳಸಿದರೆ ಅದು ಬೇರೆಯದೇ ಸಲಾಡ್, ಅಗಿದಷ್ಟೂ ರುಚಿ. ಬಿಳಿಜೋಳ 150 ಗ್ರಾಂ ರಾತ್ರಿಯಿಡೀ, ಕನಿಷ್ಠ 10 ಗಂಟೆ ನೆನೆಸಿ, ಮೂರು ಪಟ್ಟು ನೀರಿನಲ್ಲಿ ಕುಕ್ಕರ್‌ನಲ್ಲಿ 6–8 ಸೀಟಿ ಹಾಕಿಸಿ, ಬಸಿದು ಆರಿಸಿ. ಈ ಕಾಳಿನ ಸಿಪ್ಪೆ ಗಟ್ಟಿ, ನವಣೆಯಂತೆ ಮುದ್ದೆಯಾಗುವ ಭಯವಿಲ್ಲ. ಹೆಸರುಬೇಳೆ, ತೆಂಗಿನ ತುರಿ ಬಿಟ್ಟು ಸಣ್ಣಗೆ ಹೆಚ್ಚಿದ ಈರುಳ್ಳಿ, ನಿಂಬೆರಸ, ಹಸಿ ಶೇಂಗಾ ಎಣ್ಣೆ ಹಾಕಿ. ಮೇಲೆ ಎರಡು ಚಮಚ ಗುರೆಳ್ಳು ಚಟ್ನಿಪುಡಿ ಉದುರಿಸಿ, ಮೆಂತ್ಯದ ಸಸಿಯನ್ನು ಈ ಸಲ 60ರ ಬದಲು 80 ಗ್ರಾಂ ಹಾಕಿ. ಚಟ್ನಿಪುಡಿಯಲ್ಲಿ ಉಪ್ಪು ಇರುತ್ತದೆ, ಬೇರೆ ಉಪ್ಪು ಹಾಕುವ ಮುಂಚೆ ಒಂದು ತುತ್ತು ತಿಂದು ನೋಡಿ.